ಎಲ್ಲರಿಗೂ ಅಡ್ಮಿನ್ ಏಕೆ ಕೊಡಬಾರದು?

ಪ್ರತಿ ತಿಂಗಳು 20ನೇ ತಾರೀಖು ಹತ್ತಿರ ಬಂದಂತೆಲ್ಲ ಸಣ್ಣಪುಟ್ಟ ಉದ್ಯಮಗಳ ಅಕೌಂಟ್ಸ್ ವಿಭಾಗದಲ್ಲಿ ಗಡಿಬಿಡಿ ಏರುತ್ತದೆ. ತಿಂಗಳಿಗೊಮ್ಮೆ ಲೆಕ್ಕ ಸಲ್ಲಿಸುವವರಿಗೆ ಜಿಎಸ್‌ಟಿಆರ್–3ಬಿ ರಿಟರ್ನ್‌ಗೆ ಅಂದೇ ಗಡುವು. ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಒಂದು ಘಟಕವನ್ನು ಊಹಿಸಿಕೊಳ್ಳಿ. ಮಾಲೀಕರು, ಅವರ ಮಗ, ಅಕೌಂಟ್ಸ್ ನೋಡುವ ಇಬ್ಬರು ಹೆಣ್ಣುಮಕ್ಕಳು, ಸ್ಟೋರ್ಸ್‌ಗೊಬ್ಬರು. ಸಂಜೆಯ ಹೊತ್ತಿಗೆ ಕಂಪ್ಯೂಟರ್ ಸರ್ವಿಸ್‌ನವರಿಗೆ ಫೋನ್ ಹೋಗುತ್ತದೆ.

“ಸರ್, ಪರ್ಚೇಸ್ ಬಿಲ್ ಎಂಟ್ರಿ ಆಗ್ತಿಲ್ಲ. ತಗೊಳ್ತಾನೇ ಇಲ್ಲ.”

“ನಿನ್ನೆ ಆಗ್ತಿತ್ತಾ?”

“ನಿನ್ನೆ ಎಲ್ಲಾ ಸರಿಯಾಗಿತ್ತು ಸರ್.”

“ಹಾಗಾದ್ರೆ ಒಂದ್ ಕೆಲ್ಸ ಮಾಡಿ ಮೇಡಂ. ಸಾಹೇಬ್ರ ಪಾಸ್‌ವರ್ಡ್ ಇಸ್ಕೊಂಡು ಅದರಲ್ಲೇ ಹಾಕ್ಬಿಡಿ. ಆಮೇಲೆ ನೋಡೋಣ.”

ಬಿಲ್ ಹತ್ತುತ್ತದೆ, ರಿಟರ್ನ್ ಹೋಗುತ್ತದೆ. ಅಂದಿನಿಂದ ಆ ಆಫೀಸಿನಲ್ಲಿ ಎಲ್ಲರೂ ಮಾಲೀಕರ ಹೆಸರಿನಲ್ಲೇ ಕೆಲಸ ಮಾಡತೊಡಗುತ್ತಾರೆ. ಯಾವ ಬಿಲ್ಲನ್ನು ಯಾರು ತಿದ್ದಿದರು, ಯಾವ ವೋಚರನ್ನು ಯಾರು ಅಳಿಸಿದರು ಎಂದು ಆರು ತಿಂಗಳ ನಂತರ ಕೇಳಿದರೆ ಉತ್ತರ ಸಿಗುವುದಿಲ್ಲ. ಕಂಪನಿಯೊಂದರ ಲೆಕ್ಕದ ಶಿಸ್ತು ಕೆಡುವುದಕ್ಕೆ ಗಡುವಿನ ಸಂಜೆ ಸಿಕ್ಕ ಇಂಥ ಒಂದು ಸಲಹೆ ಸಾಕು.

ಅಷ್ಟಕ್ಕೂ ಅಲ್ಲಿ ಕೆಟ್ಟಿದ್ದಾದರೂ ಏನು? ಏನೂ ಇಲ್ಲ. ನಿನ್ನೆ ಹಾಕಿದ ಬಿಲ್‌ಗಳು ಈ ತಿಂಗಳವು. ಇವತ್ತಿನದು ಎರಡು ತಿಂಗಳ ಹಿಂದಿನ ತಾರೀಖಿನದು, ಸರಬರಾಜುದಾರರು ತಡವಾಗಿ ಕಳಿಸಿದ್ದು. ಅವರು ಬಳಸುವ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಪ್ರತಿ ಬಗೆಯ ಬಳಕೆದಾರರಿಗೂ ಎಷ್ಟು ದಿನ ಹಿಂದಿನ ವೋಚರ್ ಹಾಕಬಹುದು ಎಂದು ಮಿತಿ ಇಡುವ ಒಂದು ಸಾಲು ಇದೆ. ‘ಇಂಥ ತಾರೀಖಿನ ಹಿಂದಕ್ಕೆ ಹೋಗುವಂತಿಲ್ಲ’ ಎಂದು ಗೆರೆ ಎಳೆಯುವ ಇನ್ನೊಂದು ಸಾಲೂ ಇದೆ. ಲೆಕ್ಕ ಮುಗಿದ ತಿಂಗಳಿಗೆ ಯಾರೂ ಕೈಹಾಕದಿರಲಿ ಎಂದು ಹಿಂದೆ ಯಾರೋ ಆಡಿಟರು ಹೇಳಿ ಇಂಥ ಮಿತಿಯನ್ನು ಹಾಕಿಸಿರುತ್ತಾರೆ. ಸಾಫ್ಟ್‌ವೇರ್ ತನಗೆ ಹೇಳಿದ್ದನ್ನು ಮಾಡಿತು, ಅಷ್ಟೆ. ಮಾಲೀಕರು ತಮ್ಮ ಲಾಗಿನ್‌ನಲ್ಲಿ ಹೋಗಿ ಆ ಮಿತಿಯನ್ನು ಒಂದು ಗಂಟೆ ಸಡಿಲಿಸಿ, ಬಿಲ್ ಹತ್ತಿದ ಮೇಲೆ ಮತ್ತೆ ಬಿಗಿ ಮಾಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

1986ರಲ್ಲಿ ಶುರುವಾಗಿ, ಬೆಂಗಳೂರಿನಲ್ಲೇ ನೆಲೆಯಿರುವ ಕಂಪನಿಯ ಈ ಸಾಫ್ಟ್‌ವೇರ್ ನಮ್ಮ ಎಷ್ಟೋ ಅಂಗಡಿ, ಮಿಲ್ಲು, ಮಂಡಿಗಳಲ್ಲಿ ಇದೆ. ಆದರೆ ಅದರಲ್ಲಿ ‘ಓನರ್’ ಮತ್ತು ‘ಡೇಟಾ ಎಂಟ್ರಿ’ ಎಂಬ ಎರಡು ಪಾತ್ರಗಳು (ರೋಲ್) ಮೊದಲಿನಿಂದಲೇ ಸಿದ್ಧವಿರುತ್ತವೆ, ಬೇಕಾದರೆ ನಮ್ಮದೇ ಪಾತ್ರಗಳನ್ನು ಸೃಷ್ಟಿಸಿಕೊಂಡು ಯಾವ ಸವಲತ್ತು ಕೊಡಬೇಕು, ಯಾವುದು ಬೇಡ ಎಂದು ಪಟ್ಟಿ ಮಾಡಬಹುದು ಎಂಬುದು ಬಳಸುವವರಲ್ಲೇ ಅನೇಕರಿಗೆ ಗೊತ್ತಿಲ್ಲ. ಗೊತ್ತಿರುವವರೂ ಬೇರೆ ಬೇರೆ ಪಾಸ್‌ವರ್ಡ್‌ಗಳನ್ನು ಒಂದೇ ಎಂದುಕೊಳ್ಳುವುದುಂಟು. ಯೂಸರ್ ಪಾಸ್‌ವರ್ಡ್ ಮರೆತರೆ ಅಡ್ಮಿನ್ ಹೊಸದು ಕೊಡಬಹುದು. ಟ್ಯಾಲಿವಾಲ್ಟ್ ಪಾಸ್‌ವರ್ಡ್ ಮರೆತರೆ ಹಾಗಲ್ಲ. ಅದು ದತ್ತಾಂಶವನ್ನೇ ಗೂಢಲಿಪಿ ಮಾಡಿಡುತ್ತದೆ, ತಯಾರಿಸಿದ ಕಂಪನಿಗೂ ಅದನ್ನು ತೆರೆಯಲು ಬರುವುದಿಲ್ಲ. ಒಬ್ಬ ಅಕೌಂಟೆಂಟ್ ಮಾತ್ರ ಅದನ್ನು ಬಲ್ಲವರಾಗಿ, ಅವರು ಕೆಲಸ ಬಿಟ್ಟು ಹೋದರೆ ವರ್ಷಗಳ ಲೆಕ್ಕ ಅವರ ಜೊತೆಗೇ ಹೋದಂತೆ.

ಬಳಕೆದಾರರಿಗೆ ನೇರವಾಗಿ ಹಕ್ಕು ಕೊಡದೆ ನಡುವೆ ಪಾತ್ರವೊಂದನ್ನು ಏಕೆ ಇಟ್ಟರು? ಹಿಂದೆ ಪ್ರತಿಯೊಬ್ಬರ ಹೆಸರಿನ ಮುಂದೆ ಅವರು ಏನೇನು ನೋಡಬಹುದು, ತಿದ್ದಬಹುದು ಎಂದು ಬರೆದಿಡುತ್ತಿದ್ದರು. ಹತ್ತು ಜನರಿದ್ದಾಗ ಅದು ನಡೆಯಿತು. ಸಾವಿರ ಜನರಾದಾಗ ಯಾರ ಬಳಿ ಏನಿದೆ ಎಂಬುದೇ ತಿಳಿಯದಾಯಿತು. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್‌ನ ಡೇವಿಡ್ ಫೆರಾಯೊಲೊ ಮತ್ತು ರಿಚರ್ಡ್ ಕುನ್ 1992ರಲ್ಲಿ ಮಂಡಿಸಿದ ಪ್ರಬಂಧ ಪಾತ್ರಾಧಾರಿತ ಹಕ್ಕಿನ ಪದ್ಧತಿಗೆ ಒಂದು ಚೌಕಟ್ಟು ಕೊಟ್ಟಿತು: ಹಕ್ಕುಗಳು ಹುದ್ದೆಗೆ ಸೇರಿದವು, ವ್ಯಕ್ತಿ ಆ ಹುದ್ದೆಯಲ್ಲಿ ಇರುವಷ್ಟು ದಿನ ಅವು ಅವರಿಗೆ ಸಲ್ಲುತ್ತವೆ. ಅದಕ್ಕೂ ಮೊದಲು, 1975ರಲ್ಲಿ, ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ ತಮ್ಮ ಪ್ರಬಂಧದಲ್ಲಿ ಒಂದು ಸೂತ್ರ ಹೇಳಿದ್ದರು: ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡಿ, ಅದಕ್ಕಿಂತ ಒಂದಿಷ್ಟೂ ಹೆಚ್ಚು ಬೇಡ. ಇಂದಿನ ಸ್ಯಾಪ್, ಒರಾಕಲ್, ಜೋಹೋ, ಒಡೂ ಎಲ್ಲವೂ ಈ ಎರಡು ವಿಚಾರಗಳ ಮೇಲೆಯೇ ನಿಂತಿವೆ.

ಸೂತ್ರ ಸರಳ, ಪಾಲಿಸುವುದು ಕಷ್ಟ. ಖರೀದಿ ವಿಭಾಗದಲ್ಲಿದ್ದವರು ಸ್ಟೋರ್ಸ್‌ಗೆ ಹೋದಾಗ ಸ್ಟೋರ್ಸ್ ಪಾತ್ರ ಕೊಡುತ್ತಾರೆ. ಹಳೆಯ ಖರೀದಿ ಪಾತ್ರ ತೆಗೆಯುವುದನ್ನು ಮರೆಯುತ್ತಾರೆ. ಅಲ್ಲಿಂದ ಅಕೌಂಟ್ಸ್‌ಗೆ ಹೋದರೆ ಮೂರನೆಯದೂ ಸೇರುತ್ತದೆ. ಹತ್ತು ವರ್ಷ ದುಡಿದ ನಂಬಿಕಸ್ಥ ಉದ್ಯೋಗಿಯ ಕೈಯಲ್ಲಿ, ಅವರಿಗೇ ಅರಿವಿಲ್ಲದಂತೆ, ಆರ್ಡರ್ ಹಾಕುವ, ಸರಕು ಬಂತೆಂದು ಬರೆಯುವ, ಹಣ ಬಿಡುಗಡೆ ಮಾಡುವ ಮೂರೂ ಹಕ್ಕು ಇರುತ್ತವೆ.

ಇನ್ನು ತಡೆ ಬಿದ್ದಾಗ ಹುಡುಕುವ ಬಗೆಗೆ ಬರೋಣ. ‘ಓಪನ್ ಆಗ್ತಿಲ್ಲ’ ಎಂಬ ಒಂದು ಮಾತಿನಿಂದ ಯಾವ ಎಂಜಿನಿಯರಿಗೂ ಏನೂ ತಿಳಿಯುವುದಿಲ್ಲ. ಪರದೆಯ ಮೇಲೆ ಬಂದ ಸಂದೇಶ ಅಕ್ಷರಶಃ ಬೇಕು. ಅದರ ಮೂಲೆ ಮಾತ್ರ ಕತ್ತರಿಸಿ ಕಳಿಸಿದ ಚಿತ್ರ ಬೇಡ. ಯೂಸರ್ ಹೆಸರು, ಕಂಪನಿಯ ಹೆಸರು, ಸಮಯ ಕಾಣುವ ಪೂರ್ತಿ ಸ್ಕ್ರೀನ್‌ಶಾಟ್ ಬೇಕು. ಎಷ್ಟೋ ದೂರುಗಳು ಈ ಚಿತ್ರ ನೋಡಿದ ಕ್ಷಣವೇ ಬಗೆಹರಿಯುತ್ತವೆ, ಏಕೆಂದರೆ ಬಲ ಮೂಲೆಯಲ್ಲಿ ಆಫೀಸಿನ ಮೇಲ್ ಬದಲು ಮನೆಯ ಜಿಮೇಲ್ ಕಾಣುತ್ತಿರುತ್ತದೆ. ಬ್ರೌಸರಿನಲ್ಲಿ ತೆರೆಯುವ ಆ್ಯಪ್‌ಗಳಾದರೆ ಎರಡು ಸಂಖ್ಯೆಗಳನ್ನು ನೆನಪಿಡಬೇಕು. 401 ಎಂದು ಬಂದರೆ ನೀವು ಯಾರೆಂದು ಸರ್ವರ್‌ಗೆ ಗೊತ್ತಾಗಿಲ್ಲ, ಮತ್ತೆ ಲಾಗಿನ್ ಆಗಬೇಕು. 403 ಎಂದರೆ ನೀವು ಯಾರೆಂದು ಗೊತ್ತಾಗಿದೆ, ಆದರೆ ಈ ಕೆಲಸಕ್ಕೆ ಹಕ್ಕಿಲ್ಲ. ಮೊದಲನೆಯದಕ್ಕೆ ಪಾತ್ರ ಬದಲಿಸಿದರೂ ಪ್ರಯೋಜನವಿಲ್ಲ, ಎರಡನೆಯದಕ್ಕೆ ಪಾಸ್‌ವರ್ಡ್ ಬದಲಿಸಿದರೂ ಪ್ರಯೋಜನವಿಲ್ಲ.

ದೊಡ್ಡ ಕಂಪನಿಗಳ ಸ್ಯಾಪ್‌ನಲ್ಲಿ ಇದಕ್ಕೆಂದೇ ಒಂದು ಒಳ್ಳೆಯ ಏರ್ಪಾಡಿದೆ. ತಡೆ ಬಿದ್ದ ಕೂಡಲೇ ಅದೇ ಬಳಕೆದಾರರು ಎಸ್‌ಯು53 ಎಂಬ ಆದೇಶ ಕೊಟ್ಟರೆ ಯಾವ ತಪಾಸಣೆಯಲ್ಲಿ ತಾವು ಸಿಕ್ಕಿಬಿದ್ದೆವು ಎಂಬುದು ಕಾಣುತ್ತದೆ. ಅಲ್ಲಿ ಚಟುವಟಿಕೆಗೆ ಎರಡಂಕಿಯ ಸಂಕೇತಗಳಿವೆ: 01 ಹೊಸದಾಗಿ ಸೃಷ್ಟಿಸಲು, 02 ತಿದ್ದಲು, 03 ನೋಡಲು. ಉದಾಹರಣೆಗೆ, ಖರೀದಿ ಆರ್ಡರ್ ಹಾಕಲು ಹೋದವರಿಗೆ ‘ಅಧಿಕಾರವಿಲ್ಲ’ ಎಂದು ಬರುತ್ತದೆ. ಎಸ್‌ಯು53 ತೆರೆದರೆ ಚಟುವಟಿಕೆ 01, ಪ್ಲಾಂಟ್ 2000 ಎಂದಿದೆ. ಅವರ ಪಾತ್ರದಲ್ಲಿ 01 ಇದೆ, ಆದರೆ ಪ್ಲಾಂಟ್ 1000ಕ್ಕೆ ಮಾತ್ರ. ಅಂದರೆ ಆರ್ಡರ್ ಹಾಕುವ ಹಕ್ಕು ಅವರಿಗಿದೆ, ಆ ಕಾರ್ಖಾನೆಯ ಪರವಾಗಿ ಹಾಕುವ ಹಕ್ಕಿಲ್ಲ. ಇಲ್ಲಿ ಕೇಳಬೇಕಾದ ಪ್ರಶ್ನೆ ಕಂಪ್ಯೂಟರಿಗೆ ಸಂಬಂಧಿಸಿದ್ದೇ ಅಲ್ಲ: ಇವರು ನಿಜಕ್ಕೂ ಎರಡನೆಯ ಕಾರ್ಖಾನೆಗೂ ಖರೀದಿ ಮಾಡಬೇಕೇ? ಬೇಕೆಂದರೆ ಆ ಒಂದು ಪ್ಲಾಂಟನ್ನು ಸೇರಿಸಿದರೆ ಸಾಕು. ಬೇಡವೆಂದರೆ ಅವರು ಆರ್ಡರ್‌ನಲ್ಲಿ ಪ್ಲಾಂಟ್ ಸಂಖ್ಯೆ ತಪ್ಪು ಹೊಡೆದಿದ್ದಾರೆ. ಎಸ್‌ಯು53 ಒಮ್ಮೊಮ್ಮೆ ನಿಜವಾದ ಕಾರಣ ಬಿಟ್ಟು ಪಕ್ಕದ್ದನ್ನು ತೋರಿಸುವುದೂ ಉಂಟು. ಆಗ ಆ ಬಳಕೆದಾರರ ಪ್ರತಿ ತಪಾಸಣೆಯನ್ನೂ ದಾಖಲಿಸುವ ಟ್ರೇಸ್ ಹಾಕಿ ನೋಡಬೇಕಾಗುತ್ತದೆ.

ಪಾತ್ರ ಸರಿಯಿದ್ದು ವ್ಯಾಪ್ತಿ ತಪ್ಪಿರುವ ಈ ತೊಂದರೆ ಸಣ್ಣ ಆ್ಯಪ್‌ಗಳಲ್ಲೂ ಧಾರಾಳ. ಹುಬ್ಬಳ್ಳಿ ಬ್ರಾಂಚಿನ ಸೇಲ್ಸ್‌ನವರಿಗೆ ಬೆಳಗಾವಿಯ ಗ್ರಾಹಕರು ಕಾಣದಿದ್ದರೆ, ಗೋಡೌನ್ ಉಸ್ತುವಾರಿಯವರಿಗೆ ಸ್ಟಾಕ್ ಸೊನ್ನೆ ಎಂದು ತೋರಿಸಿದರೆ, ಮೊದಲು ನೋಡಬೇಕಾದ್ದು ಅವರಿಗೆ ಯಾವ ಬ್ರಾಂಚು, ಯಾವ ಗೋಡೌನು ಕೊಟ್ಟಿದೆ ಎಂಬುದನ್ನು. ಇಲ್ಲಿ ದೋಷದ ಸಂದೇಶವೂ ಬರುವುದಿಲ್ಲ. ಪಟ್ಟಿ ಖಾಲಿ ಕಾಣುತ್ತದೆ, ಅಷ್ಟೆ. ಸರಕು ಇಲ್ಲವೆಂದೇ ಎಣಿಸಿ ಮತ್ತೆ ಆರ್ಡರ್ ಹಾಕಿದರೆ ನಷ್ಟವೂ ಆಗಬಹುದು.

ಹಕ್ಕಿನ ತಕರಾರಿನಂತೆ ಕಂಡರೂ ಹಕ್ಕಿಗೆ ಸಂಬಂಧವೇ ಇಲ್ಲದ ತಡೆಗಳೂ ಇವೆ. ಮಂಜೂರಾದ ಆರ್ಡರನ್ನು ತಿದ್ದಲು ಹೋದರೆ ಬಟನ್ ಮಸುಕಾಗಿರುತ್ತದೆ. ಅದು ದಾಖಲೆಯ ಸ್ಥಿತಿ, ಮಂಜೂರಾತಿ ಹಿಂಪಡೆದರೆ ತಾನೇ ತೆರೆಯುತ್ತದೆ. ಸಾಫ್ಟ್‌ವೇರಿನ ಚಂದಾ ಮುಗಿದಿದ್ದರೂ ಬಟನ್ ಹಾಗೆಯೇ ಮಸುಕಾಗಬಹುದು. ಇನ್ನೊಂದು ತೀರಾ ಸಾಮಾನ್ಯವಾದದ್ದು: ಅಡ್ಮಿನ್ ಪಾತ್ರ ಬದಲಿಸಿಯಾಗಿದೆ, ಆದರೂ ಬಳಕೆದಾರರಿಗೆ ಕಾಣುತ್ತಿಲ್ಲ. ಲಾಗಿನ್ ಆದಾಗ ಪಡೆದ ಹಳೆಯ ಹಕ್ಕಿನ ಪ್ರತಿಯೇ ಅವರ ಬಳಿ ಇರುತ್ತದೆ. ಲಾಗೌಟ್ ಮಾಡಿ ಮತ್ತೆ ಒಳಗೆ ಬಂದರೆ ಹೊಸದು ಸಿಗುತ್ತದೆ. ಇದನ್ನು ಮರೆತು, ಕೊಟ್ಟದ್ದು ಸಾಲಲಿಲ್ಲವೆಂದು ಇನ್ನೂ ನಾಲ್ಕು ಹಕ್ಕು ಸೇರಿಸುವ ಅಡ್ಮಿನ್‌ಗಳು ಕಡಿಮೆಯೇನಿಲ್ಲ.

ಒಬ್ಬರಿಗೇ ಎರಡು ಮೂರು ಪಾತ್ರಗಳಿದ್ದಾಗ ಅವು ಹೇಗೆ ಬೆರೆಯುತ್ತವೆ ಎಂಬುದು ಪ್ರತಿ ಸಾಫ್ಟ್‌ವೇರಿನಲ್ಲೂ ಬೇರೆ. ಸೇಲ್ಸ್‌ಫೋರ್ಸ್‌ನಲ್ಲಿ ಪರ್ಮಿಷನ್ ಸೆಟ್ ಕೊಟ್ಟರೆ ಹಕ್ಕು ಕೂಡಿಕೊಳ್ಳುತ್ತದೆ, ಪ್ರೊಫೈಲಿನಲ್ಲಿ ಇರುವುದನ್ನು ಅದು ಕಳೆಯುವುದಿಲ್ಲ. ಅಮೆಜಾನ್ ಕ್ಲೌಡ್‌ನಲ್ಲಿ ಹತ್ತು ಕಡೆ ಅನುಮತಿ ಇದ್ದರೂ ಒಂದು ಕಡೆ ಸ್ಪಷ್ಟ ನಿರಾಕರಣೆ ಇದ್ದರೆ ಅದೇ ಗೆಲ್ಲುತ್ತದೆ. ಆಫೀಸಿನ ನೆಟ್‌ವರ್ಕಿನಲ್ಲಿರುವ ವಿಂಡೋಸ್ ಶೇರ್ಡ್ ಫೋಲ್ಡರಿಗೆ ಎರಡು ಜಾಗದಲ್ಲಿ ಅನುಮತಿ ಬರೆದಿರುತ್ತದೆ, ಶೇರಿಂಗ್‌ನಲ್ಲಿ ಒಮ್ಮೆ, ಸೆಕ್ಯುರಿಟಿಯಲ್ಲಿ ಇನ್ನೊಮ್ಮೆ. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ನೀವು ಬಳಸುವ ಸಾಫ್ಟ್‌ವೇರಿನಲ್ಲಿ ಕೂಡುವ ನಿಯಮವೋ, ಕಳೆಯುವ ನಿಯಮವೋ ಎಂದು ಮೊದಲು ತಿಳಿಯದೆ ಟಿಕ್ ಹಾಕುತ್ತಾ ತೆಗೆಯುತ್ತಾ ಹೋದರೆ ಗೊಂದಲ ಹೆಚ್ಚುತ್ತದೆಯೇ ಹೊರತು ಕಾರಣ ಸಿಗುವುದಿಲ್ಲ.

ಸರಿಪಡಿಸಿದ ಮೇಲೆ ಪರೀಕ್ಷೆ ಮಾಡುವುದರಲ್ಲೂ ಒಂದು ಕ್ರಮ ಬೇಕು. “ನನಗೆ ಬರ್ತಿದೆಯಲ್ಲ” ಎಂದು ಅಡ್ಮಿನ್ ಹೇಳುವ ಮಾತಿಗೆ ಅರ್ಥವಿಲ್ಲ. ಅವರಿಗೆ ಎಲ್ಲವೂ ಬರುತ್ತದೆ. ಯಾವ ಪಾತ್ರಕ್ಕೆ ತೊಂದರೆಯೋ ಅದೇ ಪಾತ್ರದ, ಬೇರೇನೂ ಇಲ್ಲದ ಒಂದು ಪರೀಕ್ಷಾ ಯೂಸರ್ ಇಟ್ಟುಕೊಂಡು ಅದರಲ್ಲಿ ನೋಡಬೇಕು. ಕೆಲಸ ಆಗುತ್ತದೆಯೇ ಎಂದು ನೋಡಿದರೆ ಮುಗಿಯಲಿಲ್ಲ, ಆಗಬಾರದ ಕೆಲಸ ಆಗುತ್ತಿದೆಯೇ ಎಂದೂ ನೋಡಬೇಕು. ನನ್ನ ಪ್ರಕಾರ ಈ ಎರಡನೆಯದೇ ಹೆಚ್ಚು ಮುಖ್ಯ. ಬೇಕಾದ ಸ್ಕ್ರೀನ್ ತೆರೆಯದಿದ್ದರೆ ಐದು ನಿಮಿಷದಲ್ಲಿ ಫೋನ್ ಬರುತ್ತದೆ. ತೆರೆಯಬಾರದ ಸ್ಕ್ರೀನ್ ತೆರೆದುಕೊಂಡಿದ್ದರೆ ಯಾರೂ ಫೋನ್ ಮಾಡುವುದಿಲ್ಲ.

ಅಂಥ ಮೌನದ ದೋಷಗಳು ಎಷ್ಟು ವ್ಯಾಪಕ ಎಂಬುದಕ್ಕೆ ಒಂದು ಸಾಕ್ಷಿ ಇದೆ. ವೆಬ್ ಸಾಫ್ಟ್‌ವೇರ್‌ಗಳ ಭದ್ರತೆಯ ಬಗ್ಗೆ ಕೆಲಸ ಮಾಡುವ ಓವಾಸ್ಪ್ ಸಂಸ್ಥೆ ಅಪಾಯಗಳ ಹತ್ತರ ಪಟ್ಟಿ ಪ್ರಕಟಿಸುತ್ತದೆ. ಹಕ್ಕಿನ ನಿಯಂತ್ರಣದಲ್ಲಿನ ಲೋಪ 2017ರ ಪಟ್ಟಿಯಲ್ಲಿ ಐದನೆಯದಾಗಿತ್ತು. 2021ರ ಪಟ್ಟಿಯಲ್ಲಿ ಮೊದಲನೆಯದಾಯಿತು. ಇದರ ಒಂದು ಸಾಮಾನ್ಯ ರೂಪ ಹೀಗಿರುತ್ತದೆ. ಸಿಬ್ಬಂದಿಯೊಬ್ಬರು ತಮ್ಮ ಸಂಬಳದ ಚೀಟಿ ತೆರೆದಾಗ ವಿಳಾಸದ ಸಾಲಿನ ಕೊನೆಯಲ್ಲಿ 1041 ಎಂದಿದೆ. ಅದನ್ನು 1042 ಎಂದು ತಿದ್ದಿ ಎಂಟರ್ ಒತ್ತಿದರೆ ಪಕ್ಕದ ಮೇಜಿನವರ ಸಂಬಳ ಕಾಣುತ್ತದೆ. ಮೆನುವಿನಲ್ಲಿ ಆ ಆಯ್ಕೆ ಇರಲಿಲ್ಲ, ನಿಜ. ಆದರೆ ಮೆನು ಮರೆಮಾಡಿದ ಮಾತ್ರಕ್ಕೆ ಮಾಹಿತಿ ಭದ್ರವಾಗುವುದಿಲ್ಲ. ಕೇಳಿದವರು ಯಾರೆಂದು ಸರ್ವರ್ ಪ್ರತಿ ಸಲವೂ ನೋಡಬೇಕು. ಸಾಫ್ಟ್‌ವೇರ್ ಕೊಳ್ಳುವಾಗ ಬಣ್ಣ, ಚಾರ್ಟು ನೋಡುವವರು ಈ ಒಂದು ಪರೀಕ್ಷೆಯನ್ನು ಮಾರಾಟಗಾರರ ಮುಂದೆಯೇ ಮಾಡಿ ನೋಡಬೇಕು ಎಂದು ನಾನು ಒತ್ತಾಯಿಸುತ್ತೇನೆ.

ಹಕ್ಕುಗಳು ಒಂದೇ ಕೈಯಲ್ಲಿ ಸೇರಿದಾಗ ಏನಾಗುತ್ತದೆ ಎಂಬುದಕ್ಕೆ ಚರಿತ್ರೆ ದೊಡ್ಡ ಉದಾಹರಣೆಗಳನ್ನೇ ಕೊಟ್ಟಿದೆ. 1762ರಲ್ಲಿ ಸ್ಥಾಪನೆಯಾದ ಬ್ರಿಟನ್ನಿನ ಬೇರಿಂಗ್ಸ್ ಬ್ಯಾಂಕ್ 1995ರಲ್ಲಿ ಮುಳುಗಿತು. ಅದರ ಸಿಂಗಪುರ ಕಚೇರಿಯಲ್ಲಿ ನಿಕ್ ಲೀಸನ್ ವಹಿವಾಟನ್ನೂ ಮಾಡುತ್ತಿದ್ದ, ಆ ವಹಿವಾಟಿನ ಲೆಕ್ಕ ಇತ್ಯರ್ಥದ ವಿಭಾಗವನ್ನೂ ನೋಡುತ್ತಿದ್ದ. ತನ್ನ ನಷ್ಟವನ್ನು 88888 ಎಂಬ ಖಾತೆಯಲ್ಲಿ ಬಚ್ಚಿಟ್ಟ. 82.7 ಕೋಟಿ ಪೌಂಡ್ ಕರಗಿಹೋಯಿತು; ಬ್ಯಾಂಕನ್ನು ಡಚ್ ಸಂಸ್ಥೆಯೊಂದು ಒಂದು ಪೌಂಡಿಗೆ ಕೊಂಡಿತು. ನಮ್ಮಲ್ಲಿ 2018ರಲ್ಲಿ ಬೆಳಕಿಗೆ ಬಂದ ಪಂಜಾಬ್ ನ್ಯಾಷನಲ್ ಬ್ಯಾಂಕ್ ಪ್ರಕರಣದ ಪಾಠ ಸ್ವಲ್ಪ ಬೇರೆ. ವಿದೇಶಿ ಶಾಖೆಗಳಿಗೆ ಸಾಲದ ಭರವಸೆ ಕೊಡುವ ಸಂದೇಶಗಳು ಬ್ಯಾಂಕುಗಳ ನಡುವಿನ ಸಂದೇಶ ಜಾಲ ಸ್ವಿಫ್ಟ್ ಮೂಲಕ ಹೋದವು, ಬ್ಯಾಂಕಿನ ಮುಖ್ಯ ಲೆಕ್ಕದ ವ್ಯವಸ್ಥೆಯಲ್ಲಿ ನಮೂದಾಗಲೇ ಇಲ್ಲ. ಎರಡೂ ವ್ಯವಸ್ಥೆಗಳ ನಡುವೆ ಕೊಂಡಿ ಇರಲಿಲ್ಲ. ವಂಚನೆಯ ಮೊತ್ತ 13 ಸಾವಿರ ಕೋಟಿ ರೂಪಾಯಿ ದಾಟಿತು, ಆ ಬಗೆಯ ಭರವಸೆ ಪತ್ರಗಳನ್ನೇ ರಿಸರ್ವ್ ಬ್ಯಾಂಕ್ ಅದೇ ವರ್ಷದ ಮಾರ್ಚ್‌ನಲ್ಲಿ ನಿಲ್ಲಿಸಿತು. ಸಣ್ಣ ಉದ್ಯಮಕ್ಕೂ ಇದು ಅನ್ವಯಿಸುತ್ತದೆ. ಲೆಕ್ಕದ ಸಾಫ್ಟ್‌ವೇರಿನಲ್ಲಿ ಬಿಗಿ ಮಾಡಿ, ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡನ್ನು ಡೈರಿಯ ಮೊದಲ ಪುಟದಲ್ಲಿ ಬರೆದಿಟ್ಟರೆ ಬಿಗಿಯಾದದ್ದು ಏನೂ ಇಲ್ಲ. ಹೊಸ ಸರಬರಾಜುದಾರರ ಬ್ಯಾಂಕ್ ಖಾತೆ ಸೇರಿಸುವವರು ಒಬ್ಬರು, ಹಣ ಬಿಡುವವರು ಇನ್ನೊಬ್ಬರು. ನಾಲ್ಕೇ ಜನರಿರುವ ಆಫೀಸಿನಲ್ಲೂ ಇಷ್ಟನ್ನು ಮಾಡಬಹುದು.

ಇಲ್ಲಿ ಒಂದು ಅಡ್ಡಿ ಎದುರಾಗುತ್ತದೆ, ಅದು ತಾಂತ್ರಿಕವಾದದ್ದಲ್ಲ. ಮನೆಮಂದಿಯೇ ಸೇರಿ ನಡೆಸುವ ವ್ಯಾಪಾರದಲ್ಲಿ ಹಕ್ಕು ಕಡಿತ ಮಾಡಿದರೆ ಅದು ಅವಮಾನವಾಗಿ ತಟ್ಟುತ್ತದೆ. “ಇಷ್ಟು ವರ್ಷ ನಿಮ್ಮ ಹತ್ರಾನೇ ಇದ್ದೀನಿ, ನನ್ ಮೇಲೆ ನಂಬಿಕೆ ಇಲ್ವಾ ಧಣಿ?” ಎಂದು ಹಿರಿಯ ಗುಮಾಸ್ತರು ಕೇಳಿದರೆ ಮಾಲೀಕರ ಬಾಯಿ ಕಟ್ಟುತ್ತದೆ. ಭಾವನೆ ಅರ್ಥವಾಗುವಂಥದ್ದೇ. ಆದರೆ ಆ ಗುಮಾಸ್ತರನ್ನು ಕಾಯುವುದು ಇದೇ ಮಿತಿ. ಐವತ್ತು ಸಾವಿರ ರೂಪಾಯಿ ಎಲ್ಲೋ ಹೆಚ್ಚುಕಡಿಮೆ ಆಯಿತೆನ್ನಿ. ಎಲ್ಲರೂ ಒಂದೇ ಲಾಗಿನ್ ಬಳಸುವ ಆಫೀಸಿನಲ್ಲಿ ಅನುಮಾನ ಎಲ್ಲರ ಮೇಲೂ ಬೀಳುತ್ತದೆ. ಕೊನೆಗೆ ಅದು ನಿಲ್ಲುವುದು ಮಾತನಾಡಲಾರದವರ ಮೇಲೆ, ಅಂದರೆ ಹೊಸದಾಗಿ ಸೇರಿದ ಹುಡುಗಿಯ ಮೇಲೆ, ಕಡಿಮೆ ಸಂಬಳದವರ ಮೇಲೆ. ತನ್ನದೇ ಲಾಗಿನ್, ತನ್ನದೇ ಮಿತಿ ಇದ್ದರೆ ‘ಆ ಸ್ಕ್ರೀನೇ ನನಗೆ ಬರುವುದಿಲ್ಲ’ ಎಂದು ಆಕೆ ತಲೆಯೆತ್ತಿ ಹೇಳಬಹುದು, ದಾಖಲೆ ಅದಕ್ಕೆ ಸಾಕ್ಷಿ ನುಡಿಯುತ್ತದೆ. ಪಾಸ್‌ವರ್ಡ್ ಹಂಚಿಕೊಳ್ಳುವ ಆಫೀಸು ತನ್ನ ಪ್ರಾಮಾಣಿಕ ನೌಕರರಿಗೆ ಅನ್ಯಾಯ ಮಾಡುತ್ತಿದೆ ಎಂದೇ ನಾನು ಹೇಳುತ್ತೇನೆ.

ಕರ್ನಾಟಕದ ‘ಭೂಮಿ’ ಯೋಜನೆ ಈ ವಿಷಯವನ್ನು ಬಹಳ ಹಿಂದೆಯೇ ಗ್ರಹಿಸಿತ್ತು. ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿದಾಗ, ತಾಲ್ಲೂಕು ಕಚೇರಿಯಲ್ಲಿ ದಾಖಲೆ ತಿದ್ದುವವರು ಪಾಸ್‌ವರ್ಡ್ ಒಂದನ್ನೇ ಕೊಟ್ಟರೆ ಸಾಲದು, ಬೆರಳಚ್ಚನ್ನೂ ಕೊಡಬೇಕು ಎಂಬ ವ್ಯವಸ್ಥೆ ಮಾಡಿದರು. ‘ಅದು ನಾನು ಮಾಡಿದ್ದಲ್ಲ, ಯಾರೋ ನನ್ನ ಪಾಸ್‌ವರ್ಡ್ ಬಳಸಿದ್ದಾರೆ’ ಎಂದು ನಂತರ ಹೇಳಲು ಅವಕಾಶ ಇರಬಾರದು ಎಂಬುದು ಉದ್ದೇಶ. ಖಾಸಗಿ ಕಂಪನಿಗಳ ಮಟ್ಟಿಗೆ ಕಾನೂನು ಈಗ ಅದೇ ದಿಕ್ಕಿಗೆ ಬಂದಿದೆ. ಕಂಪನಿ ಕಾಯ್ದೆಯಡಿ ನೋಂದಾಯಿತವಾದ ಕಂಪನಿಗಳು 2023ರ ಏಪ್ರಿಲ್ 1ರಿಂದ, ಪ್ರತಿ ತಿದ್ದುಪಡಿಯನ್ನೂ ತಾರೀಖಿನೊಂದಿಗೆ ದಾಖಲಿಸುವ, ಆ ದಾಖಲಾತಿಯನ್ನು ನಿಲ್ಲಿಸಲು ಬಾರದ ಲೆಕ್ಕದ ಸಾಫ್ಟ್‌ವೇರನ್ನೇ ಬಳಸಬೇಕು. ಎಲ್ಲರೂ ಅಡ್ಮಿನ್ ಆಗಿ ಒಳಗೆ ಬಂದರೆ ಆ ದಾಖಲೆಯ ಪ್ರತಿ ಸಾಲಿನಲ್ಲೂ ಒಂದೇ ಹೆಸರು ಇರುತ್ತದೆ. ಕಾನೂನಿನ ಅಕ್ಷರ ಪಾಲಿಸಿದಂತಾಯಿತು, ಉಪಯೋಗ ಮಾತ್ರ ಸೊನ್ನೆ.

ಜಿಎಸ್‌ಟಿ ಪೋರ್ಟಲಿನ ಮಾತು ಹೇಳದೆ ಈ ವಿಷಯ ಪೂರ್ತಿಯಾಗುವುದಿಲ್ಲ. ನೋಂದಣಿ ಮಾಡಿಸುವಾಗ ಎಷ್ಟೋ ವ್ಯಾಪಾರಿಗಳು ‘ನೀವೇ ನೋಡ್ಕೊಳ್ಳಿ’ ಎಂದು ತೆರಿಗೆ ಸಲಹೆಗಾರರಿಗೆ ಬಿಟ್ಟಿರುತ್ತಾರೆ. ಅವರು ಅನುಕೂಲಕ್ಕೆಂದು ತಮ್ಮ ಮೊಬೈಲ್ ನಂಬರು, ತಮ್ಮ ಇಮೇಲ್ ಕೊಟ್ಟಿರುತ್ತಾರೆ. ಮುಂದೆ ಮನಸ್ತಾಪ ಬಂದರೆ, ಅಥವಾ ಅವರು ಊರು ಬಿಟ್ಟರೆ, ಒಟಿಪಿ ಹೋಗುವುದು ಅವರಿಗೇ. ವ್ಯಾಪಾರ ನಿಮ್ಮದು, ಹೊಣೆ ನಿಮ್ಮದು, ಲಾಗಿನ್ ಇನ್ನೊಬ್ಬರದು. ಪಾಸ್‌ವರ್ಡ್ ಇನ್ನೂ ನಡೆಯುತ್ತಿದ್ದರೆ ಒಳಹೋಗಿ ನೋಂದಣಿಯ ತಿದ್ದುಪಡಿಯಲ್ಲಿ ಅಧಿಕೃತ ಸಹಿದಾರರ ವಿವರ ಬದಲಿಸಬಹುದು. ಅದೂ ಸಾಧ್ಯವಿಲ್ಲದಿದ್ದರೆ ನಿಮ್ಮ ವ್ಯಾಪ್ತಿಯ ತೆರಿಗೆ ಅಧಿಕಾರಿಯ ಬಳಿ ಗುರುತಿನ ಮತ್ತು ವ್ಯಾಪಾರದ ದಾಖಲೆಗಳೊಂದಿಗೆ ಹೋಗಿ ಹೊಸ ನಂಬರು, ಇಮೇಲ್ ಹಾಕಿಸಿಕೊಳ್ಳಬೇಕು. ಗಡುವಿನ ವಾರದಲ್ಲಿ ಈ ಓಡಾಟ ಬಂದರೆ ದಂಡದ ಬಾಬ್ತೂ ಸೇರುತ್ತದೆ.

ಆದ್ದರಿಂದ ಸ್ವಂತ ವ್ಯಾಪಾರ ಇರುವವರಲ್ಲಿ ಒಂದು ವಿನಂತಿ. ಗಡುವಿಲ್ಲದ ಒಂದು ದಿನ ನೋಡಿಕೊಂಡು ನಿಮ್ಮ ಸಾಫ್ಟ್‌ವೇರಿನ ಯೂಸರ್‌ಗಳ ಪಟ್ಟಿಯನ್ನು ನೀವೇ ತೆರೆಯಿರಿ. ಈ ಕೆಲಸವನ್ನು ಕಂಪ್ಯೂಟರಿನವರಿಗೆ ಬಿಡಬೇಡಿ, ಯಾರು ಏನು ಮಾಡಬೇಕೆಂದು ಅವರಿಗೆ ತಿಳಿದಿರುವುದಿಲ್ಲ. ಕೆಲಸ ಬಿಟ್ಟವರ ಹೆಸರನ್ನು ಅಂದೇ ನಿಷ್ಕ್ರಿಯ ಮಾಡಿ, ಆದರೆ ಅಳಿಸಬೇಡಿ. ಹಳೆಯ ದಾಖಲೆಗಳಲ್ಲಿ ಆ ಹೆಸರು ಉಳಿಯಬೇಕು. ಉಳಿದ ಪ್ರತಿಯೊಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಅವರ ಕೆಲಸಕ್ಕೆ ಏನು ಬೇಕು ಎಂದು ಅವರನ್ನೇ ಕೇಳಿ, ಅಷ್ಟನ್ನು ಅವರದೇ ಹೆಸರಿನಲ್ಲಿ ಕೊಡಿ. ಅಡ್ಮಿನ್ ಪಾಸ್‌ವರ್ಡ್ ನಿಮ್ಮ ಬಳಿಯೂ ನೀವು ಗೊತ್ತುಮಾಡಿದ ಇನ್ನೊಬ್ಬರ ಬಳಿಯೂ ಮಾತ್ರ ಇರಲಿ, ಮತ್ತು ಜಿಎಸ್‌ಟಿ ಪೋರ್ಟಲಿನಲ್ಲಿರುವ ಮೊಬೈಲ್ ನಂಬರು ಯಾರದೆಂದು ಅಂದೇ ನೋಡಿಬಿಡಿ.